ಊರಿನ ಬಿಸಿಲು, ಊರವರ ಸಂಘ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಮನೆಯ ಮಾಳಿಗೆಯ ಮೇಲೆ ಸೌರ ಫಲಕ ಹಾಕಿಸುವ ಬಗ್ಗೆ ಬರೆಯುವಾಗ, ಹಳ್ಳಿಗಳಲ್ಲಿ ಒಬ್ಬೊಬ್ಬರೇ ಹಾಕಿಸುವುದಕ್ಕಿಂತ ಹತ್ತಾರು ಮಂದಿ ಸೇರಿ ಸಹಕಾರಿ ಸಂಘ ಕಟ್ಟಿಕೊಂಡು ವಿದ್ಯುತ್ತು ಉತ್ಪಾದಿಸುವುದು ಮೇಲು ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ವಾಕ್ಯವನ್ನು ಹಿಡಿದು ಮುಂಬಯಿ, ಪುಣೆ ಮತ್ತು ಗೋವಾದಿಂದ ಓದುಗರು ಪತ್ರ ಬರೆದಿದ್ದಾರೆ. ಬರೆದವರಲ್ಲಿ ಹೆಚ್ಚಿನವರು ಊರು ಬಿಟ್ಟು ದಶಕಗಳೇ ಕಳೆದರೂ ಊರಿನ ಹೊಲ, ಬಾವಿ, ಕರೆಂಟುಗಳ ಚಿಂತೆಯನ್ನು ಬಿಡದವರು. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ನಮ್ಮ ಅಣ್ಣತಮ್ಮಂದಿರ ಪಾಲಿನ ಐದು ಎಕರೆ ಕಲ್ಲುಭೂಮಿ ಊರಿನಲ್ಲಿ ಬೀಳು ಬಿದ್ದಿದೆ. ಸಬ್‌ಸ್ಟೇಷನ್ ಹತ್ತಿರವಿರುವುದರಿಂದ ಸೋಲಾರ್ ಕಂಪನಿಯೊಂದು ಅದನ್ನು ಲೀಸಿಗೆ ಕೇಳುತ್ತಿದೆ. ಲೀಸಿಗೆ ಕೊಡುವುದು ಒಳ್ಳೆಯದೋ, ಊರವರು ಸಂಘ ಮಾಡಿಕೊಂಡು ನಾವೇ ಹಾಕುವುದು ಒಳ್ಳೆಯದೋ? ವಿದ್ಯುತ್ತಿನ ವಿಷಯದಲ್ಲಿ ಸಹಕಾರಿ ಸಂಘವೆಂಬುದು ಎಲ್ಲಿಯಾದರೂ ನಡೆದಿದೆಯೇ? (ಓದುಗರೊಬ್ಬರು, ಡೊಂಬಿವಲಿ)

ಉತ್ತರ: ತಮ್ಮ ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದರ ಉತ್ತರ ತಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿತು, ಮತ್ತು ಆ ಭಾಗದ ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಇಂದಿಗೂ ವಿದ್ಯುತ್ತು ಹಂಚುತ್ತಿದೆ. ಅದೇ ಕಾಲದಲ್ಲಿ ದೇಶದ ಐದು ಕಡೆ ಇಂಥ ಸಂಘಗಳನ್ನು ಪ್ರಯೋಗವಾಗಿ ಆರಂಭಿಸಲಾಗಿತ್ತು. ಹುಕ್ಕೇರಿಯ ಜೊತೆಗೆ ಈಗಿನ ತೆಲಂಗಾಣದ ಸಿರಿಸಿಲ್ಲ, ಗುಜರಾತಿನ ಕೊಡಿನಾರ್, ಉತ್ತರ ಪ್ರದೇಶದ ಲಖನೌ ಹಾಗೂ ನಮ್ಮ ಮಹಾರಾಷ್ಟ್ರದ ಶ್ರೀರಾಂಪುರ ಸೀಮೆಯ ಮುಳಾ-ಪ್ರವರಾ ಈ ಪಟ್ಟಿಯಲ್ಲಿದ್ದವು. ಇದಕ್ಕೆ ಅಮೆರಿಕದ ಅನುಭವ ಮೇಲ್ಪಂಕ್ತಿಯಾಗಿತ್ತು. 1930ರ ದಶಕದ ಆರಂಭದಲ್ಲಿ ಅಲ್ಲಿಯೂ ಹತ್ತು ರೈತ ಕುಟುಂಬಗಳಲ್ಲಿ ಒಂಬತ್ತು ಲಾಟೀನಿನ ಬೆಳಕಿನಲ್ಲೇ ಇದ್ದವು. ದೂರದೂರದ ತೋಟದ ಮನೆಗಳಿಗೆ ತಂತಿ ಎಳೆದರೆ ಗಿಟ್ಟುವುದಿಲ್ಲವೆಂದು ಖಾಸಗಿ ಕಂಪನಿಗಳು ಹಿಂದೆ ಸರಿದಿದ್ದಾಗ, 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಒಂದು ಸರ್ಕಾರಿ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಕೊಟ್ಟ ಕಡಿಮೆ ಬಡ್ಡಿಯ ಸಾಲದಿಂದ ರೈತರ ಸಂಘಗಳು ತಾವೇ ಕಂಬ ನೆಟ್ಟು ತಂತಿ ಎಳೆದವು. ಇನ್ನು ಸಾಲದ ವಿಷಯದ ಸಹಕಾರವಂತೂ ನಮಗೆ ಯಾರೂ ಹೊರಗಿನಿಂದ ತಂದುಕೊಟ್ಟದ್ದೆಂದು ಹೇಳಲಾಗದಷ್ಟು ಹಳೆಯದು. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಗ್ರಾಮೀಣ ಸಹಕಾರಿ ಪತ್ತಿನ ಸಂಘವನ್ನು 1905ರಲ್ಲಿ ಆರಂಭಿಸಿದಾಗ ಆ ಊರು ಮುಂಬಯಿ ಪ್ರಾಂತಕ್ಕೇ ಸೇರಿತ್ತು.

ಆದರೆ ಐದು ಸಂಘಗಳ ಹಣೆಬರಹ ಒಂದೇ ಆಗಲಿಲ್ಲ ಎಂಬುದನ್ನೂ ತಾವು ತಿಳಿದಿರಬೇಕು. ಏಷ್ಯಾದಲ್ಲೇ ಮೊದಲ ಸಹಕಾರಿ ಸಕ್ಕರೆ ಕಾರ್ಖಾನೆ ಎದ್ದುನಿಂತ ಪ್ರವರಾ ಸೀಮೆಯಲ್ಲಿ, ಸಹಕಾರದ ರೂಢಿ ಅಷ್ಟು ಗಟ್ಟಿಯಾಗಿದ್ದರೂ, ಮುಳಾ-ಪ್ರವರಾ ವಿದ್ಯುತ್ ಸಂಘ ತಾನು ಸಗಟಾಗಿ ಕೊಂಡ ವಿದ್ಯುತ್ತಿನ ಹಣ ತೀರಿಸಲಾಗದೆ ಬಾಕಿಯಲ್ಲಿ ಮುಳುಗಿತು. 2011ರಲ್ಲಿ ಅದರ ಹಂಚಿಕೆಯ ಕೆಲಸ ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ಕಂಪನಿಯಾದ ಮಹಾವಿತರಣದ ಕೈಗೆ ಹೋಯಿತು. ಹಂಚುವ ಸಂಘದ ಕಷ್ಟ ನನ್ನ ದೃಷ್ಟಿಯಲ್ಲಿ ಇಷ್ಟೇ: ಕೊಳ್ಳುವ ದರವೂ ಅದರ ಕೈಯಲ್ಲಿಲ್ಲ, ರೈತನಿಗೆ ಮಾರುವ ದರವೂ ಅದರ ಕೈಯಲ್ಲಿಲ್ಲ, ನಡುವಿನ ನಷ್ಟ ಮಾತ್ರ ಅದರದು. ಸೌರ ಫಲಕ ಬಂದ ಮೇಲೆ ಸಾಧ್ಯವಾಗಿರುವ ಹೊಸ ಬಗೆಯ ಸಂಘ ಹಂಚುವ ಗೋಜಿಗೆ ಹೋಗುವುದಿಲ್ಲ. ಅದು ವಿದ್ಯುತ್ತನ್ನು ಬೆಳೆಯುತ್ತದೆ ಮತ್ತು ಸರಬರಾಜು ಕಂಪನಿಗೆ 25 ವರ್ಷಗಳ ಒಪ್ಪಂದದ ಮೇಲೆ ನಿಗದಿತ ದರಕ್ಕೆ ಮಾರುತ್ತದೆ. ಹಾಲಿನ ಡೇರಿಗೆ ಹಾಲು ಹಾಕುವವರಿಗೆ ಈ ವ್ಯವಸ್ಥೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ, ರೈತರ ಸೌರ ವಿದ್ಯುತ್ತಿಗೆಂದೇ ಇರುವ ಪಿಎಂ-ಕುಸುಮ್ ಯೋಜನೆಯ ಮೊದಲ ಭಾಗದಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಸ್ಥಾವರಗಳನ್ನು ಒಬ್ಬ ರೈತನಷ್ಟೇ ಅಲ್ಲದೆ ರೈತರ ಗುಂಪು, ಸಹಕಾರಿ ಸಂಘ, ಗ್ರಾಮ ಪಂಚಾಯಿತಿ, ರೈತ ಉತ್ಪಾದಕರ ಸಂಸ್ಥೆ ಮತ್ತು ನೀರು ಬಳಕೆದಾರರ ಸಂಘಗಳೂ ಹಾಕಬಹುದು. ಬಂಜರು ಮತ್ತು ಬೀಳುಭೂಮಿಗೆ, ಅದರಲ್ಲೂ ಸಬ್‌ಸ್ಟೇಷನ್‌ನಿಂದ ಐದು ಕಿಲೋಮೀಟರ್ ಒಳಗಿನ ಜಾಗಕ್ಕೆ, ಆದ್ಯತೆ. 500 ಕಿಲೋವಾಟ್ ಎಂದರೆ ಎರಡರಿಂದ ಎರಡೂವರೆ ಎಕರೆ ಜಾಗ, ಅಂದಾಜು ಎರಡು ಕೋಟಿ ರೂಪಾಯಿ ಬಂಡವಾಳ. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆಂದು ಹಿಡಿದರೆ, ವರ್ಷಕ್ಕೆ 7.3 ಲಕ್ಷ ಯೂನಿಟ್ ಆಯಿತು. ಯೂನಿಟ್‌ಗೆ 3 ರೂಪಾಯಿ ದರ ಎಂದುಕೊಂಡರೆ ವರ್ಷದ ಆದಾಯ ಸುಮಾರು 22 ಲಕ್ಷ. ಎರಡು ಕೋಟಿಯಲ್ಲಿ 1.4 ಕೋಟಿಯನ್ನು ಶೇ 10ರ ಬಡ್ಡಿಯಲ್ಲಿ 15 ವರ್ಷದ ಸಾಲವಾಗಿ ತಂದರೆ ವಾರ್ಷಿಕ ಕಂತೇ ಸುಮಾರು 18.4 ಲಕ್ಷ ಆಗುತ್ತದೆ. ಫಲಕ ತೊಳೆಯುವುದು, ಕಾವಲು, ವಿಮೆ, ದುರಸ್ತಿಗೆಂದು ಎರಡೂವರೆ ಲಕ್ಷ ಕಳೆದರೆ ಉಳಿಯುವುದು ಒಂದು ಲಕ್ಷ. ಅದೇ ಸಾಲದ ಬಡ್ಡಿ ಶೇ 7ಕ್ಕೆ ಇಳಿದರೆ ಕಂತು 15.4 ಲಕ್ಷಕ್ಕೆ ಇಳಿದು, ಕೈಯಲ್ಲಿ ನಾಲ್ಕು ಲಕ್ಷ ಉಳಿಯುತ್ತದೆ. ಕೃಷಿ ಮೂಲಸೌಕರ್ಯ ನಿಧಿಯ ಅಡಿಯಲ್ಲಿ ಎರಡು ಕೋಟಿವರೆಗಿನ ಸಾಲಕ್ಕೆ ಏಳು ವರ್ಷಗಳ ಕಾಲ ಶೇ 3ರ ಬಡ್ಡಿ ಸಹಾಯಧನ ದೊರೆಯುತ್ತದೆ. ಬಿಸಿಲು ಎಷ್ಟು ಎಂಬುದಕ್ಕಿಂತ ಬಡ್ಡಿ ಎಷ್ಟು, ಒಪ್ಪಂದದ ದರ ಎಷ್ಟು ಎಂಬುದೇ ಸಂಘದ ಆಯಸ್ಸನ್ನು ನಿರ್ಧರಿಸುತ್ತದೆ. ದರ ಐವತ್ತು ಪೈಸೆ ಹೆಚ್ಚಾದರೆ ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಮಿಕ್ಕಿ ಹೆಚ್ಚು ಬರುತ್ತದೆ, ಐವತ್ತು ಪೈಸೆ ಕಡಿಮೆಯಾದರೆ ಕಂತು ಕಟ್ಟುವುದೇ ಕಷ್ಟವಾಗುತ್ತದೆ. ಕುಸುಮ್ ಯೋಜನೆಯ ಗಡುವು ಹಲವು ಬಾರಿ ವಿಸ್ತರಣೆಯಾಗಿರುವುದರಿಂದ, ಅರ್ಜಿ ಹಾಕುವ ಹೊತ್ತಿಗೆ ಯಾವ ಯೋಜನೆ, ಯಾವ ದರ ಚಾಲ್ತಿಯಲ್ಲಿದೆ ಎಂಬುದನ್ನು ಆ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ ಪಡೆಯಬೇಕು.

ಉಳಿದ 60 ಲಕ್ಷ ಷೇರು ಹಣ ಎಲ್ಲಿಂದ ಬರಬೇಕು? ತಮ್ಮಂಥ ಮುಂಬಯಿವಾಸಿಗಳ ಪಾತ್ರ ಇಲ್ಲಿದೆ. ತಲಾ ಹತ್ತು ಸಾವಿರದಂತೆ 600 ಷೇರು ಎಂದರೆ ಊರಿನಲ್ಲಿರುವವರೂ ಊರು ಬಿಟ್ಟವರೂ ಸೇರಿ ಕೂಡಿಸಲಾಗದ ಮೊತ್ತವೇನಲ್ಲ. ಆದರೆ ಸಾಲ ತೀರುವ ತನಕ ಲಾಭಾಂಶ ಬ್ಯಾಂಕಿನ ಠೇವಣಿಗಿಂತ ಹೆಚ್ಚೇನೂ ಇರುವುದಿಲ್ಲ ಎಂಬುದನ್ನು ಷೇರು ಮಾರುವ ದಿನವೇ ಹೇಳಬೇಕು. ಹದಿನಾರನೆಯ ವರ್ಷದಿಂದ ಒಪ್ಪಂದ ಮುಗಿಯುವ ತನಕ, ಫಲಕಗಳ ಶಕ್ತಿ ಸ್ವಲ್ಪ ಕುಂದಿದರೂ, ಬರುವ ಹಣದ ಬಹುಪಾಲು ಸಂಘದ್ದೇ.

ಇನ್ನು ಲೀಸಿನ ಮಾತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕಿಗೆ ರೈತರು ಸುಮಾರು 13,000 ಎಕರೆಯನ್ನು ಮಾರದೆ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಬರದ ಸೀಮೆಯಲ್ಲಿ ಅದು ಕೈಗೆ ಹತ್ತಿದ ಆದಾಯವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಗುತ್ತಿಗೆಯ ಹಣ ಭೂಮಿ ಇದ್ದವನ ಖಾತೆಗೆ ಮಾತ್ರ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಬರಲಿಲ್ಲ. ಸಂಘ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ. ಸಂಘದಲ್ಲಿ ಒಂದು ಷೇರು ಇದ್ದವನಿಗೂ ನೂರು ಷೇರು ಇದ್ದವನಿಗೂ ಒಂದೇ ಮತ. ತಮಗೆ ನನ್ನ ಸಲಹೆ ಇದು: ಲೀಸು ಮತ್ತು ಸಂಘ ಎರಡನ್ನೂ ಎದುರಾಳಿಗಳೆಂದು ನೋಡಬೇಡಿ. ಊರಿನ ಕೃಷಿ ಪತ್ತಿನ ಸಹಕಾರಿ ಸಂಘವೋ ರೈತ ಉತ್ಪಾದಕರ ಸಂಸ್ಥೆಯೋ ಸ್ಥಾವರದ ಒಡೆತನ ವಹಿಸಿಕೊಳ್ಳುವುದಾದರೆ, ತಮ್ಮ ಐದು ಎಕರೆಯಲ್ಲಿ ಎರಡೂವರೆಯನ್ನು ಅದಕ್ಕೇ ಗುತ್ತಿಗೆಗೆ ಕೊಡಿ. ತಮ್ಮ ಕುಟುಂಬಕ್ಕೆ ಗುತ್ತಿಗೆ ಬರುತ್ತದೆ, ಊರಿಗೆ ಸ್ಥಾವರ ಉಳಿಯುತ್ತದೆ. ಗುತ್ತಿಗೆಯ ಹಣವನ್ನು ಮೇಲಿನ ಲೆಕ್ಕದಲ್ಲಿ ನಾನು ಸೇರಿಸಿಲ್ಲ. ಅದು ನಾಲ್ಕು ಲಕ್ಷದ ಉಳಿಕೆಯಿಂದಲೇ ಹೋಗಬೇಕು, ಆದ್ದರಿಂದ ಮೊದಲ ವರ್ಷಗಳಲ್ಲಿ ಕಂಪನಿಯವರಷ್ಟು ದರ ಕೇಳಬೇಡಿ. ಅಂಥ ಸಂಘ ಊರಿನಲ್ಲಿ ಇಲ್ಲದಿದ್ದರೆ, ಅಥವಾ ಇದ್ದರೂ ಅದರ ಲೆಕ್ಕಪತ್ರ ವರ್ಷಗಳಿಂದ ಪರಿಶೋಧನೆಯಾಗದೆ ಬಿದ್ದಿದ್ದರೆ, ಕಂಪನಿಯ ಲೀಸನ್ನೇ ವಕೀಲರಿಗೆ ತೋರಿಸಿ ಒಪ್ಪಿಕೊಳ್ಳುವುದು ಕ್ಷೇಮ. ಕೆಟ್ಟ ಸಂಘಕ್ಕಿಂತ ಸ್ಪಷ್ಟವಾದ ಕರಾರು ಮೇಲು.

ಪ್ರಶ್ನೆ: ನಾನು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತೇನೆ. ಜಮಖಂಡಿ ಕಡೆಯ ನಮ್ಮೂರಿನಲ್ಲಿ ಅಣ್ಣ ಕಬ್ಬು ಬೆಳೆಯುತ್ತಾನೆ. ಬಿಸಿಲಿಗೆ ಬಿಲ್ಲಿಲ್ಲವೆಂದು ರೈತರೆಲ್ಲ ಸೋಲಾರ್ ಪಂಪ್ ಹಾಕಿ ಹಗಲಿಡೀ ನೀರೆತ್ತಿದರೆ ಬೋರುಗಳು ಬತ್ತಿಹೋಗುವುದಿಲ್ಲವೇ? ಸಂಘ ಇದ್ದರೆ ಇದಕ್ಕೆ ಪರಿಹಾರ ಸಿಗುತ್ತದೆಯೇ? (ಓದುಗರೊಬ್ಬರು, ಪುಣೆ)

ಉತ್ತರ: ತಮ್ಮ ಭಯ ಸರಿಯಾದದ್ದು. ತಂತಿಯ ಸಂಪರ್ಕವಿಲ್ಲದೆ ಒಂಟಿಯಾಗಿ ನಿಂತ ಸೋಲಾರ್ ಪಂಪು ಹಾಕಿಸಿದ ಮೇಲೆ ನೀರೆತ್ತುವ ಖರ್ಚು ಸೊನ್ನೆ, ಬಳಸದೆ ಬಿಟ್ಟ ಬಿಸಿಲಿಗೆ ಬೆಲೆಯೂ ಸೊನ್ನೆ. ಹೀಗಿರುವಾಗ ಮೋಟಾರು ನಿಲ್ಲಿಸಲು ರೈತನಿಗೆ ಯಾವ ಕಾರಣವೂ ಇರುವುದಿಲ್ಲ. ಡೀಸೆಲ್ ಪಂಪಿನ ಕಾಲದಲ್ಲಿ ಟ್ಯಾಂಕಿನ ತಳ ಕಂಡಾಗಲಾದರೂ ಕೈ ತಡೆಯುತ್ತಿತ್ತು.

ಈ ಸಮಸ್ಯೆಯನ್ನು ಎದುರಿಟ್ಟುಕೊಂಡೇ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ ಒಂದು ಪ್ರಯೋಗ ನಡೆಯಿತು. ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆಯ ತುಷಾರ್ ಶಾ ಮತ್ತು ಸಂಗಡಿಗರ ವಾದ ಸರಳವಾಗಿತ್ತು: ರೈತನಿಗೆ ವಿದ್ಯುತ್ತನ್ನೂ ಒಂದು ಬೆಳೆಯಾಗಿ ಮಾರಲು ಬಿಟ್ಟರೆ, ಮಾರುಕಟ್ಟೆಯುಳ್ಳ ಬೆಳೆಯನ್ನು ಅವನು ನೀರಿಗೆ ಸುರಿದು ಹಾಳು ಮಾಡುವುದಿಲ್ಲ. ಅದುವರೆಗೆ ಡೀಸೆಲ್ ಪಂಪು ನಂಬಿದ್ದ ಆರು ಮಂದಿ ರೈತರು ಸೇರಿ ಸೌರ ನೀರಾವರಿ ಪಂಪುದಾರರ ಸಹಕಾರಿ ಸಂಘ ಕಟ್ಟಿದರು. ಜಗತ್ತಿನಲ್ಲೇ ಈ ಬಗೆಯ ಮೊದಲ ಸಂಘ ಇದೆಂದು ಹೆಸರಾಯಿತು. 2016ರಲ್ಲಿ ಅವರ ವಿದ್ಯುತ್ತು ಗ್ರಿಡ್ಡಿಗೆ, ಎಂದರೆ ಸಾರ್ವಜನಿಕ ವಿದ್ಯುತ್ ಜಾಲಕ್ಕೆ, ಹರಿಯತೊಡಗಿತು. ಮಧ್ಯ ಗುಜರಾತಿನ ಸರಬರಾಜು ಕಂಪನಿ 25 ವರ್ಷಗಳಿಗೆ ಯೂನಿಟ್‌ಗೆ 4.63 ರೂಪಾಯಿಯಂತೆ ಕೊಳ್ಳಲು ಒಪ್ಪಿತು. ಹಸಿರು ಶಕ್ತಿಗೆಂದು 1.25 ಮತ್ತು ನೀರು ಉಳಿಸಿದ್ದಕ್ಕೆಂದು 1.25 ರೂಪಾಯಿಯನ್ನು ಸಂಶೋಧನಾ ಸಂಸ್ಥೆ ಪ್ರೋತ್ಸಾಹಧನವಾಗಿ ಸೇರಿಸಿತು. ಪ್ರತಿಯಾಗಿ ರೈತರು ಸಹಾಯಧನದ ಅಗ್ಗದ ಕೃಷಿ ವಿದ್ಯುತ್ ಸಂಪರ್ಕ ಕೇಳುವ ಹಕ್ಕನ್ನು ಒಪ್ಪಂದದ ಅವಧಿಗೆ ಬಿಟ್ಟುಕೊಟ್ಟರು.

ಇಲ್ಲಿ ಸಂಘದ ಅಗತ್ಯವೇನು, ಆರು ಜನ ಬೇರೆ ಬೇರೆಯಾಗಿ ಮಾರಬಹುದಿತ್ತಲ್ಲ ಎಂದು ತಾವು ಕೇಳಬಹುದು. ಒಬ್ಬೊಬ್ಬ ರೈತನ ಬಳಿಗೂ ಹೋಗಿ ಮೀಟರ್ ಓದಿ, ಬಿಲ್ ಮಾಡಿ, ಕೆಲವೇ ಸಾವಿರ ರೂಪಾಯಿ ಪಾವತಿಸುವುದು ಯಾವ ವಿದ್ಯುತ್ ಕಂಪನಿಗೂ ಹೊರೆ. ಢುಂಡಿಯಲ್ಲಿ ಎಲ್ಲರ ವಿದ್ಯುತ್ತೂ ಒಂದೇ ಕಡೆ ಕೂಡಿ ಒಂದೇ ಮೀಟರಿನ ಮೂಲಕ ಗ್ರಿಡ್ಡಿಗೆ ಹೋಗುತ್ತದೆ, ಕಂಪನಿ ಸಂಘಕ್ಕೆ ಒಟ್ಟು ಹಣ ಕೊಡುತ್ತದೆ, ಸಂಘ ತನ್ನ ಸದಸ್ಯರ ಮೀಟರು ನೋಡಿ ಹಂಚುತ್ತದೆ. ಕದ್ದು ಬಳಸಿದರೆ ಅಥವಾ ಮೀಟರ್ ಕೆಡಿಸಿದರೆ ನಷ್ಟ ಪಕ್ಕದ ಹೊಲದವನದೇ ಆಗುವುದರಿಂದ, ದೂರದ ಕಚೇರಿಯ ತಪಾಸಣೆಗಿಂತ ನೆರೆಯವರ ಕಣ್ಣು ಹೆಚ್ಚು ಚುರುಕಾಗಿರುತ್ತದೆ. ಫಲಕಗಳು ಬಳಕೆಯ ಜಾಗದ ಸಮೀಪವೇ ಇರುವುದರಿಂದ ತಂತಿಯಲ್ಲಿ ಸೋರಿಹೋಗುವ ವಿದ್ಯುತ್ತೂ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಸಬ್‌ಸ್ಟೇಷನ್‌ನಿಂದ ಹೊರಟ ಫೀಡರ್ ತಂತಿಯ ಕೊನೆಯ ಟಿಸಿಗೆ (ಟ್ರಾನ್ಸ್‌ಫಾರ್ಮರಿಗೆ) ಬರುವಷ್ಟರಲ್ಲಿ ವೋಲ್ಟೇಜ್ ಕುಸಿದು ಮೋಟಾರು ಸುಡುವ ಗೋಳನ್ನು ಬಲ್ಲವರಿಗೆ, ಹಗಲು ಹೊತ್ತಿನಲ್ಲಿ ಆ ತುದಿಯಲ್ಲೇ ವಿದ್ಯುತ್ತು ಹುಟ್ಟುವುದರ ಬೆಲೆ ಗೊತ್ತಾಗುತ್ತದೆ. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಬಂತೆಂದು ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ಹೊಲಕ್ಕೆ ಹೋಗುವುದು ತಪ್ಪಿದರೆ ಅದೂ ಲಾಭದ ಲೆಕ್ಕಕ್ಕೇ ಸೇರಬೇಕು.

ತಮ್ಮ ಅಣ್ಣನವರ ಹೊಲಕ್ಕೆ ಇದನ್ನು ಅನ್ವಯಿಸಿ ನೋಡೋಣ. ಹತ್ತು ಕಿಲೋವಾಟ್ ಫಲಕ ವರ್ಷಕ್ಕೆ 14,600 ಯೂನಿಟ್ ಕೊಟ್ಟು, ಅದರಲ್ಲಿ ಮೂರನೆಯ ಒಂದು ಭಾಗ ನೀರಿಗೆ ಹೋದರೆ, ಉಳಿದದ್ದು ಢುಂಡಿಯ ಮೂಲ ದರದಲ್ಲಿ 45,000 ರೂಪಾಯಿ ತರುತ್ತದೆ. ಅದು ಸಣ್ಣ ಮೊತ್ತವಲ್ಲ. ಆದರೆ ಕಬ್ಬಿಗೆ ಇನ್ನೊಂದು ನೀರು ಹಾಯಿಸಿದರೆ ಬರುವ ಹೆಚ್ಚುವರಿ ಇಳುವರಿ ಯೂನಿಟ್ಟಿನ ಬೆಲೆಗಿಂತ ಹೆಚ್ಚಾಗಿದ್ದರೆ, ಅಥವಾ ಪಕ್ಕದ ಹೊಲಕ್ಕೆ ನೀರು ಮಾರುವುದು ಹೆಚ್ಚು ಗಿಟ್ಟುವಂತಿದ್ದರೆ, ರೈತ ನೀರನ್ನೇ ಎತ್ತುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಇನ್ನು ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ತು ಉಚಿತ. ಆ ಸವಲತ್ತು ಹಾಗೇ ಇದ್ದು, ಮೇಲೆ ಸೌರ ವಿದ್ಯುತ್ತು ಮಾರುವ ಅವಕಾಶವೂ ಸಿಕ್ಕಿದರೆ, ಗ್ರಿಡ್ಡಿನ ಉಚಿತ ವಿದ್ಯುತ್ತಿನಲ್ಲಿ ನೀರೆತ್ತಿ ತನ್ನ ವಿದ್ಯುತ್ತನ್ನೆಲ್ಲ ಮಾರುವ ದಾರಿ ತೆರೆಯುತ್ತದೆ. ಢುಂಡಿಯವರು ಮೊದಲೇ ಆ ಹಕ್ಕು ಬಿಟ್ಟುಕೊಟ್ಟದ್ದರ ಮಹತ್ವ ಇಲ್ಲಿದೆ. ಜೊತೆಗೆ, ಢುಂಡಿಯ ಮೊದಲ ಸದಸ್ಯರು ಬಂಡವಾಳದ ಸಣ್ಣ ಪಾಲನ್ನಷ್ಟೇ ಕೊಟ್ಟಿದ್ದರು, ಉಳಿದದ್ದು ಸಂಶೋಧನೆಯ ಹಣ. ಆದ್ದರಿಂದ ಆ ಸಂಘವನ್ನು ಹಾಗೆಯೇ ಎತ್ತಿ ತಂದು ಜಮಖಂಡಿಯಲ್ಲಿ ನೆಡಬಹುದೆಂದು ನಾನು ಹೇಳುವುದಿಲ್ಲ. ಗುಜರಾತ್ ಸರ್ಕಾರ 2018ರಲ್ಲಿ ಇದೇ ವಿಚಾರವನ್ನು ರಾಜ್ಯದ ಯೋಜನೆಯಾಗಿ ಮಾಡಿದಾಗ, ಮೊದಲ ಏಳು ವರ್ಷಗಳಿಗೆ ಯೂನಿಟ್‌ಗೆ 7 ರೂಪಾಯಿ ಕೊಡಬೇಕಾಯಿತು. ಅದರಲ್ಲಿ ಅರ್ಧ ಸರ್ಕಾರದ ಪಾಲು. ನೀರಿನ ಮೇಲಿನ ಹಿಡಿತ ಕೇವಲ ದರದಿಂದ ಬರುವುದಿಲ್ಲ. ಯಾವ ಬೋರಿನಿಂದ ಎಷ್ಟು ಗಂಟೆ ಎಂಬುದನ್ನು ಸದಸ್ಯರು ಮಹಾಸಭೆಯಲ್ಲಿ ಗೊತ್ತುಮಾಡಿ ಉಪನಿಯಮದಲ್ಲೇ ಬರೆದಿಡಬೇಕು, ಹನಿ ನೀರಾವರಿ ಹಾಕಿಸಿದವರಿಗೆ ಷೇರಿನಲ್ಲಿ ರಿಯಾಯಿತಿ ಕೊಡಬೇಕು. ಒಂಟಿ ಪಂಪಿನವನಿಗೆ ಇದನ್ನು ಹೇಳಲು ಯಾರಿಗೂ ಅಧಿಕಾರವಿಲ್ಲ, ಸಂಘಕ್ಕೆ ಇದೆ.

ತಾವು ಪುಣೆಯಲ್ಲಿರುವುದರಿಂದ ಇನ್ನೊಂದು ಮಾತು. ಮಹಾರಾಷ್ಟ್ರದ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ 2017ರಿಂದ ನಡೆಯುತ್ತಿದ್ದು, ರಾಳೇಗಣ ಸಿದ್ಧಿಯಲ್ಲಿ ಅದರ ಮೊದಲ ಸ್ಥಾವರಗಳಲ್ಲೊಂದು ಬಂತು. ಕೃಷಿ ಫೀಡರುಗಳಿಗೆ ಹಗಲು ವಿದ್ಯುತ್ತು ಕೊಡುವ ಉದ್ದೇಶ ಒಳ್ಳೆಯದೇ, ಆದರೆ ಅಲ್ಲಿ ಸ್ಥಾವರದ ಒಡೆತನ ಸಾಮಾನ್ಯವಾಗಿ ಕಂಪನಿಗಳದು. ಅದನ್ನು ಸಹಕಾರಿ ಪ್ರಯೋಗವೆಂದು ತಿಳಿಯಬಾರದು.

ಪ್ರಶ್ನೆ: ನಮ್ಮ ಹಿರಿಯರ ಮನೆ ಉತ್ತರ ಕನ್ನಡದ ಜೋಯಿಡಾದ ಕಾಡಿನ ನಡುವೆ ಇದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕತ್ತಲೆ. ಅಲ್ಲಿನ ಹದಿನೈದು ಮನೆಗಳು ಸೇರಿ ಬ್ಯಾಟರಿಯೊಡನೆ ಸ್ವಂತ ಸೋಲಾರ್ ಗ್ರಿಡ್ ಮಾಡಿಕೊಂಡರೆ ಹೇಗೆ? ಅದಕ್ಕೆ ಲೈಸೆನ್ಸ್ ಬೇಕೇ? (ಓದುಗರೊಬ್ಬರು, ವಾಸ್ಕೊ, ಗೋವಾ)

ಉತ್ತರ: 2003ರ ವಿದ್ಯುತ್ ಕಾಯ್ದೆಯ 14ನೆಯ ಕಲಮು, ಸರ್ಕಾರ ಗ್ರಾಮೀಣ ಪ್ರದೇಶವೆಂದು ಅಧಿಸೂಚಿಸಿದ ಕಡೆ ವಿದ್ಯುತ್ತು ಉತ್ಪಾದಿಸಿ ಅಲ್ಲೇ ಹಂಚುವವರಿಗೆ ಲೈಸೆನ್ಸ್ ಬೇಡವೆನ್ನುತ್ತದೆ. ಸುರಕ್ಷತೆಯ ನಿಯಮಗಳನ್ನು ಮಾತ್ರ ಪಾಲಿಸಲೇಬೇಕು. ಅದೇ ಕಾಯ್ದೆಯ 5ನೆಯ ಕಲಮು ಹಳ್ಳಿಗಳ ವಿದ್ಯುತ್ ನಿರ್ವಹಣೆಯಲ್ಲಿ ಪಂಚಾಯಿತಿ ಮತ್ತು ಸಹಕಾರಿ ಸಂಘಗಳ ಹೆಸರನ್ನೇ ಎತ್ತಿ ಹೇಳುತ್ತದೆ. ಕಾನೂನಿನ ಅಡ್ಡಿ ದೊಡ್ಡದಲ್ಲ.

ಅಡ್ಡಿ ಇರುವುದು ಬ್ಯಾಟರಿಯಲ್ಲಿ ಮತ್ತು ಮಳೆಗಾಲದಲ್ಲಿ. ಬಿಹಾರದ ಧರ್ನಾಯಿ ಎಂಬ ಹಳ್ಳಿಯಲ್ಲಿ 2014ರಲ್ಲಿ 100 ಕಿಲೋವಾಟ್‌ನ ಸೌರ ಮೈಕ್ರೋಗ್ರಿಡ್, ಎಂದರೆ ಊರಿನದೇ ಪುಟ್ಟ ವಿದ್ಯುತ್ ಜಾಲ, ಬಹಳ ಸದ್ದಿನೊಡನೆ ಆರಂಭವಾಯಿತು. ಮೂವತ್ತು ವರ್ಷ ಕತ್ತಲೆಯಲ್ಲಿದ್ದ ಊರು ಅದು. ಸ್ವಲ್ಪ ಕಾಲದಲ್ಲೇ ಅಲ್ಲಿಗೆ ಸರ್ಕಾರಿ ವಿದ್ಯುತ್ತೂ ಅಗ್ಗದ ದರದಲ್ಲಿ ಬಂತು, ಜನ ಅತ್ತ ವಾಲಿದರು, ಬ್ಯಾಟರಿಗಳು ಸೋತಾಗ ಬದಲಿಸಲು ಹಣ ಇರಲಿಲ್ಲ, ಸ್ಥಾವರ ಹಾಳುಬಿತ್ತು. ಬ್ಯಾಟರಿಯ ಆಯಸ್ಸು ಫಲಕದ ಆಯಸ್ಸಿಗಿಂತ ಬಹಳ ಕಡಿಮೆ. ಅದನ್ನು ಬದಲಿಸುವ ದಿನಕ್ಕಾಗಿ ಮೊದಲ ತಿಂಗಳಿನಿಂದಲೇ ಪ್ರತಿ ಮನೆಯಿಂದ ಹಣ ಕೂಡಿಸಿ ಪ್ರತ್ಯೇಕ ಖಾತೆಯಲ್ಲಿ ಇಡದಿದ್ದರೆ ಯಾವ ಸಂಘವೂ ಉಳಿಯುವುದಿಲ್ಲ.

ಜೋಯಿಡಾಕ್ಕೆ ನನಗೆ ಸರಿಯಾಗಿ ಹೊಂದುವಂತೆ ಕಾಣುವ ಉದಾಹರಣೆ ಸ್ಕಾಟ್ಲೆಂಡಿನ ಐಗ್ ಎಂಬ ಪುಟ್ಟ ದ್ವೀಪದ್ದು. ಇಂದು ನೂರರ ಆಸುಪಾಸು ಮಂದಿ ಇರುವ ಆ ದ್ವೀಪದವರು 1997ರಲ್ಲಿ ದ್ವೀಪವನ್ನೇ ತಮ್ಮ ಟ್ರಸ್ಟಿನ ಹೆಸರಿಗೆ ಕೊಂಡರು, 2008ರಲ್ಲಿ ತಮ್ಮದೇ ವಿದ್ಯುತ್ ಜಾಲ ಆರಂಭಿಸಿದರು. ಹೊಳೆಯ ನೀರು, ಗಾಳಿ ಮತ್ತು ಬಿಸಿಲು ಮೂರನ್ನೂ ಅದು ಬಳಸುತ್ತದೆ. ಬಿಸಿಲು ಮಂಕಾದ ತಿಂಗಳುಗಳಲ್ಲಿ ನೀರು ಮತ್ತು ಗಾಳಿ ಕೈಹಿಡಿಯುತ್ತವೆ. ಯಾವ ಮನೆಯೂ ಒಂದು ಹೊತ್ತಿಗೆ ಐದು ಕಿಲೋವಾಟ್‌ಗಿಂತ ಹೆಚ್ಚು ಎಳೆಯುವಂತಿಲ್ಲ ಎಂಬುದು ಎಲ್ಲರೂ ಒಪ್ಪಿದ ಮಿತಿ, ದುರಸ್ತಿ ಮಾಡುವವರೂ ತರಬೇತಿ ಪಡೆದ ದ್ವೀಪದ ನಿವಾಸಿಗಳೇ. ತಮ್ಮ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಲಕಗಳು ಸೊರಗುವ ಕಾಲದಲ್ಲೇ ಹಳ್ಳಗಳು ತುಂಬಿ ಹರಿಯುತ್ತವೆ. ಮನೆಗಳ ಮೇಲ್ಭಾಗದಲ್ಲಿ ಎತ್ತರದಿಂದ ಧುಮುಕುವ ಹಳ್ಳವಿದ್ದರೆ, ಪೈಪಿನಲ್ಲಿ ನೀರು ಇಳಿಸಿ ತಿರುಗಿಸುವ ಒಂದೆರಡು ಕಿಲೋವಾಟ್‌ನ ಪುಟ್ಟ ಟರ್ಬೈನನ್ನು ಸೌರ ಫಲಕದ ಜೊತೆಗೆ ಜೋಡಿಸಿ. ಹಾಗೆ ಮಾಡಿದರೆ ದೊಡ್ಡ ಬ್ಯಾಟರಿಯ ಅಗತ್ಯವೇ ತಗ್ಗುತ್ತದೆ. ಕಾಡಿನ ನೆಲವಾದ್ದರಿಂದ ಪೈಪು ಹಾಕುವ ಮೊದಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಈಗಿರುವ ಸರ್ಕಾರಿ ಸಂಪರ್ಕವನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ನನ್ನ ತವರಿನಲ್ಲಿ ಹೆಂಗಸರ ಸ್ವಸಹಾಯ ಸಂಘಗಳು ಚೆನ್ನಾಗಿ ನಡೆಯುತ್ತಿವೆ. ಸೋಲಾರ್ ಸಂಘ ಎಂದ ಕೂಡಲೇ ಪಹಣಿ, ಬೋರು, ಪಂಪ್‌ಸೆಟ್ ಎಂದು ಮಾತು ಗಂಡಸರ ಕಡೆಗೇ ಹೋಗುತ್ತದೆ. ಹೆಂಗಸರಿಗೆ ಇದರಲ್ಲಿ ಜಾಗವಿದೆಯೇ? (ಓದುಗರೊಬ್ಬರು, ಠಾಣೆ)

ಉತ್ತರ: ಮೊದಲ ಎರಡು ಉತ್ತರಗಳಲ್ಲಿ ನಾನೂ ಪಹಣಿ, ಪಂಪ್‌ಸೆಟ್‌ಗಳ ಸುತ್ತಲೇ ಸುತ್ತಿದ್ದೇನೆ, ಆದ್ದರಿಂದ ತಮ್ಮ ಮಾತು ನನಗೂ ಮುಟ್ಟಿತು. ಸದಸ್ಯತ್ವವನ್ನು ಜಮೀನಿಗೆ ಕಟ್ಟಿದರೆ, ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರೂ ಜಮೀನೇ ಇಲ್ಲದ ಮನೆಗಳೂ ತಾವಾಗಿ ಹೊರಗುಳಿಯುತ್ತವೆ. ಸದಸ್ಯತ್ವವನ್ನು ಷೇರಿಗೆ ಮಾತ್ರ ಕಟ್ಟಿ, ಒಂದು ಮನೆಯಿಂದ ಗಂಡ ಹೆಂಡತಿ ಇಬ್ಬರೂ ಪ್ರತ್ಯೇಕ ಸದಸ್ಯರಾಗಬಹುದೆಂದು ಉಪನಿಯಮದಲ್ಲಿ ಬರೆದರೆ ಈ ದೋಷ ಅರ್ಧ ಕಳೆಯುತ್ತದೆ.

ರಾಜಸ್ಥಾನದ ಡೂಂಗರಪುರದಲ್ಲಿ ಆದಿವಾಸಿ ಹೆಣ್ಣುಮಕ್ಕಳು ಇನ್ನೂ ಮುಂದೆ ಹೋಗಿದ್ದಾರೆ. ನಮ್ಮ ಪವಯಿಯ ಐಐಟಿಯವರ ಸೌರ ದೀಪದ ಯೋಜನೆಯಲ್ಲಿ ದೀಪ ಜೋಡಿಸುವುದನ್ನು ಕಲಿತ ಸ್ವಸಹಾಯ ಸಂಘದ ಹೆಂಗಸರು ಮುಂದೆ ತಮ್ಮದೇ ಒಡೆತನದಲ್ಲಿ ಸೌರ ಫಲಕ ತಯಾರಿಸುವ ಘಟಕ ನಡೆಸತೊಡಗಿದರು. ತಮ್ಮ ತವರಿನವರು ಫಲಕ ತಯಾರಿಸಬೇಕಾಗಿಲ್ಲ. ಹಿಟ್ಟಿನ ಗಿರಣಿ, ಖಾರ ಕುಟ್ಟುವ ಯಂತ್ರ, ರೊಟ್ಟಿ ಮಾಡುವ ಯಂತ್ರ, ಹೊಲಿಗೆ ಯಂತ್ರಗಳನ್ನು ಸೌರ ವಿದ್ಯುತ್ತಿನಿಂದ ನಡೆಸುವುದು ಇಂದು ಹೊಸ ಸಂಗತಿಯಲ್ಲ, ಅದಕ್ಕೆ ಬ್ಯಾಂಕುಗಳು ಸ್ವಸಹಾಯ ಸಂಘಗಳಿಗೆ ಸಾಲವನ್ನೂ ಕೊಡುತ್ತವೆ. ವಾರವಾರ ಹಣ ಕಟ್ಟಿ ಪುಸ್ತಕ ಬರೆದಿಟ್ಟ ಹೆಂಗಸರಿಗೆ ಲೆಕ್ಕದ ಶಿಸ್ತು ಆಗಲೇ ಬಂದಿರುತ್ತದೆ. ಊರಿನ ದೊಡ್ಡ ಸಂಘ ಹುಟ್ಟುವ ದಿನ ಬಂದರೆ, ಅದರ ಲೆಕ್ಕದ ಪುಸ್ತಕ ಅವರ ಕೈಯಲ್ಲಿರಲಿ ಎಂದು ನಾನು ಒತ್ತಾಯ ಮಾಡುತ್ತೇನೆ.

ಪ್ರಶ್ನೆ: ನಾನು ಮುಲುಂಡಿನ ಗೃಹನಿರ್ಮಾಣ ಸೊಸೈಟಿಯೊಂದರ ಕಾರ್ಯದರ್ಶಿ. ನಮ್ಮ ಕಟ್ಟಡದ ಮಾಳಿಗೆ ಸಣ್ಣದು, ನೀರಿನ ಟ್ಯಾಂಕುಗಳೇ ತುಂಬಿವೆ. ಊರಿನ ಸೌರ ಸಂಘದ ವಿದ್ಯುತ್ತನ್ನು ನಾವು ಇಲ್ಲಿಗೆ ಪಡೆಯಬಹುದೇ? (ಓದುಗರೊಬ್ಬರು, ಮುಂಬಯಿ)

ಉತ್ತರ: ತಾತ್ವಿಕವಾಗಿ ದಾರಿಯಿದೆ. ಸಹಕಾರಿ ಸಂಘ ತನ್ನ ಸದಸ್ಯರ ಬಳಕೆಗೆಂದು ಕಟ್ಟಿದ ಸ್ಥಾವರವನ್ನು ಕಾಯ್ದೆ ಸ್ವಂತ ಬಳಕೆಯ ಸ್ಥಾವರವೆಂದೇ ಗಣಿಸುತ್ತದೆ. ಸ್ಥಾವರದಲ್ಲಿ ಕನಿಷ್ಠ ಶೇ 26ರ ಒಡೆತನ ಮತ್ತು ಅದರ ವಿದ್ಯುತ್ತಿನಲ್ಲಿ ಕನಿಷ್ಠ ಶೇ 51ರ ಬಳಕೆ ಎಂಬ ಷರತ್ತನ್ನು ಸದಸ್ಯರು ಒಟ್ಟಾಗಿ ಪೂರೈಸಿದರೆ ಸಾಕು ಎಂದು 2005ರ ವಿದ್ಯುತ್ ನಿಯಮಗಳು ಹೇಳುತ್ತವೆ. 2022ರ ಹಸಿರು ಮುಕ್ತ ಪ್ರವೇಶ ನಿಯಮಗಳು ಹೊರಗಿನಿಂದ ವಿದ್ಯುತ್ತು ತರಿಸಿಕೊಳ್ಳಲು ಬೇಕಾದ ಕನಿಷ್ಠ ಬೇಡಿಕೆಯನ್ನು ಒಂದು ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿವೆ. ಆದರೆ ಕರ್ನಾಟಕದ ಹಳ್ಳಿಯಿಂದ ಮುಲುಂಡಿಗೆ ತರುವುದೆಂದರೆ ಎರಡು ರಾಜ್ಯಗಳ ಸಾಗಣೆ ಶುಲ್ಕ, ಸೋರಿಕೆಯ ಕಡಿತ ಮತ್ತು ಲೆಕ್ಕಪತ್ರದ ಕೆಲಸ ಸೇರಿಕೊಳ್ಳುತ್ತದೆ. ಲಿಫ್ಟು, ಪಂಪು, ಮೆಟ್ಟಿಲಿನ ದೀಪಗಳಷ್ಟೇ ಇರುವ ಸೊಸೈಟಿಗೆ ಅದು ಗಿಟ್ಟುವುದಿಲ್ಲ.

ಅದರ ಬದಲು ಎರಡು ಕೆಲಸ ಮಾಡಿ. ಮಾಳಿಗೆಯ ಸೌರ ಫಲಕಗಳಿಗೆ ನೆರವಾಗುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಗೃಹನಿರ್ಮಾಣ ಸೊಸೈಟಿಗಳ ಸಾಮಾನ್ಯ ಬಳಕೆಗೆ ಕಿಲೋವಾಟ್‌ಗೆ 18,000 ರೂಪಾಯಿ ಸಹಾಯಧನವಿದೆ. ಟ್ಯಾಂಕುಗಳ ಮೇಲೆ ಎತ್ತರದ ಚೌಕಟ್ಟು ನಿಲ್ಲಿಸಿ ಹತ್ತು ಕಿಲೋವಾಟ್‌ಗೆ ಜಾಗ ಸಿಗುತ್ತದೆಯೇ ಎಂದು ಎಂಜಿನಿಯರ್ ಒಬ್ಬರಿಂದ ಅಳೆಸಿ, ಕಟ್ಟಡ ಆ ಭಾರ ತಡೆಯುತ್ತದೆಯೇ ಎಂಬುದನ್ನೂ ಅವರಿಂದಲೇ ಬರೆಸಿಕೊಳ್ಳಿ. ಇನ್ನೊಂದು ಕೆಲಸ ಊರಿಗೆ ಸಂಬಂಧಿಸಿದ್ದು. ಊರಿನ ಸಂಘಕ್ಕೆ ತಾವು ಷೇರುದಾರರಾಗಿ ಹಣ ಕೊಡಿ, ವರ್ಷಕ್ಕೊಮ್ಮೆ ಮಹಾಸಭೆಗೆ ಹೋಗಿ ಲೆಕ್ಕ ಕೇಳಿ, ಆದರೆ ಆಡಳಿತ ಮಂಡಳಿಯ ಚುನಾವಣೆಗೆ ನಿಲ್ಲಬೇಡಿ. ಇನ್ವರ್ಟರ್ ಕೆಟ್ಟ ರಾತ್ರಿ ಸ್ಥಾವರದ ಬಾಗಿಲು ತೆಗೆಯಬೇಕಾದವರು ಊರಿನಲ್ಲಿರುವವರು. ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಓಡಂತುರೈ ಪಂಚಾಯಿತಿ 2006ರಲ್ಲಿ 1.55 ಕೋಟಿ ರೂಪಾಯಿಗೆ 350 ಕಿಲೋವಾಟ್‌ನ ಗಾಳಿಯಂತ್ರ ಕೊಂಡಾಗ 40 ಲಕ್ಷ ತನ್ನ ಉಳಿತಾಯದ್ದು, ಉಳಿದದ್ದು ಬ್ಯಾಂಕ್ ಸಾಲ. ಯಂತ್ರದ ವಿದ್ಯುತ್ತು ಮಾರಿಯೇ ಆ ಸಾಲ ತೀರಿತು. ಅಲ್ಲಿ ಸಾಲಕ್ಕೆ ಸಹಿ ಹಾಕಿದವರೂ ಕಂತು ಕಟ್ಟಿದವರೂ ಊರಿನಲ್ಲೇ ಇದ್ದವರು.